ಓದುಗರ ಪ್ರಶ್ನೆ: ತೂಬು ಎತ್ತುವ ಮೊದಲು

ಪ್ರಶ್ನೆ: ನಮ್ಮೂರ ಕೆರೆ ತುಂಬಿದರೂ ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ. ಕೆರೆಯಿಂದ ನೀರು ಬಿಡುವ ತೂಬಿನ ಬಳಿಯವರು ಭತ್ತ ಹಾಕಿ ಹಗಲೂ ರಾತ್ರಿ ಹಾಯಿಸಿಕೊಳ್ಳುತ್ತಾರೆ. ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿ ಇಲ್ಲದೆ ಎಷ್ಟೋ ವರ್ಷವಾಯಿತು. ಮತ್ತೆ ಸರದಿ ಕಟ್ಟುವುದು ಹೇಗೆ?
– ಮುಳಬಾಗಿಲು ತಾಲ್ಲೂಕಿನ ಓದುಗರು

ಉತ್ತರ: ಸಸಿಮಡಿ ಬೀಳುವ ಮೊದಲೇ ಅಚ್ಚುಕಟ್ಟಿನವರೆಲ್ಲ, ಅಂದರೆ ಕೆರೆಯ ನೀರು ಹಾಯುವ ಜಮೀನಿನವರೆಲ್ಲ, ಸಭೆ ಸೇರಿ. ನಾಟಿ ಆದಮೇಲೆ ಯಾರ ಬೆಳೆಯನ್ನೂ ಒಣಗಿಸಿ ಎನ್ನಲು ಬಾಯಿ ಬರುವುದಿಲ್ಲ. ಸಭೆಗೆ ಬರುವಾಗ ಲೆಕ್ಕ ಕೈಯಲ್ಲಿರಲಿ. ನೀರು ಹರಡಿದ ಎಕರೆಯನ್ನು, ತೂಬಿನ ಬಾಯಿಂದ ಮೇಲಿರುವ ಅತಿ ಹೆಚ್ಚಿನ ಆಳದಿಂದ ಗುಣಿಸಿ, ಅಂಚಿನ ಕಡೆ ಆಳ ಕಡಿಮೆಯಾದ್ದರಿಂದ ಮತ್ತೆ 0.4ರಿಂದ ಗುಣಿಸಿ. 40 ಎಕರೆ, 10 ಅಡಿ ಆಳವಾದರೆ 160 ಎಕರೆ-ಅಡಿ (ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ). ಬಿಸಿಲಿಗೆ ಆರುವುದು, ಇಂಗುವುದು, ಕಾಲುವೆಯಲ್ಲಿ ಸೋರುವುದೆಂದು ಮೂರರಲ್ಲೊಂದು ಪಾಲು ಕಳೆದರೆ ಉಳಿಯುವುದು ಸುಮಾರು 105. ಮಳೆಯನ್ನು ನಂಬದೆ ಲೆಕ್ಕ ಹಾಕಿದರೆ ಭತ್ತಕ್ಕೆ ಎಕರೆಗೆ 4 ಅಡಿ ನೀರು ಬೇಕು. ಅಂದರೆ 26 ಎಕರೆಗೆ ಮುಗಿಯಿತು. ಒಂದೂವರೆ ಅಡಿ ಸಾಕೆನ್ನುವ ರಾಗಿಯಾದರೆ 70 ಎಕರೆ. ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದಿಟ್ಟರೆ ಅರ್ಧ ವಾದ ಅಲ್ಲೇ ತಣ್ಣಗಾಗುತ್ತದೆ.

ಕೆರೆ ಅರ್ಧವೇ ತುಂಬಿದ ವರ್ಷಕ್ಕೆ ಶ್ರೀಲಂಕಾದ ಹಳ್ಳಿಗಳಲ್ಲಿ ‘ಬೆತ್ಮ’ ಎಂಬ ಪದ್ಧತಿಯಿದೆ. ತೂಬಿಗೆ ಹತ್ತಿರದ ಗದ್ದೆಗಳನ್ನಷ್ಟೇ ಬಿತ್ತುತ್ತಾರೆ. ಆ ಒಂದು ಬೆಳೆಯ ಮಟ್ಟಿಗೆ ಅವನ್ನು ಎಲ್ಲ ಹಿಡುವಳಿದಾರರಿಗೂ ಹಂಚುತ್ತಾರೆ. ನಮ್ಮಲ್ಲಿ ಇದಕ್ಕೆ ಒಪ್ಪಿಸುವುದು ಕಷ್ಟ, ಆದರೆ ಸಭೆಯಲ್ಲಿ ಎತ್ತಿ ನೋಡಬೇಕಾದ ಮಾತು.

ಸರದಿಯನ್ನು ಕೊನೆಯ ಗದ್ದೆಯಿಂದ ಶುರು ಮಾಡಿ, ಎಕರೆಗೆ ಇಷ್ಟು ತಾಸು ಎಂದು ಕಟ್ಟಿ. ಹೆಚ್ಚಿನ ಊರುಗಳು ಎಡವುವುದು ಒಂದು ಕಡೆ: ಖಾಲಿ ಕಾಲುವೆ ತುಂಬಿ ನೀರು ಕೊನೆಗೆ ತಲುಪಲು ಮುಕ್ಕಾಲು ತಾಸು ಹಿಡಿದರೆ, ಅದು ಕೊನೆಯವನ ಪಾಲಿನಿಂದಲೇ ಹೋಗುತ್ತದೆ. ಪಂಜಾಬ್, ಹರಿಯಾಣದ ವಾರಾಬಂದಿ ಎಂಬ ಸರದಿ ಪದ್ಧತಿಯಲ್ಲಿ ಕಾಲುವೆ ತುಂಬುವ ಹೊತ್ತನ್ನು ರೈತನ ಸರದಿಗೆ ಕೂಡಿಸುತ್ತಾರೆ, ಹಿಂದೆ ಉಳಿದ ನೀರು ಹರಿದು ಬರುವ ಹೊತ್ತನ್ನು ಕಳೆಯುತ್ತಾರೆ. ನೀವೂ ಹಾಗೆ ಮಾಡಿ.

ನೀರುಗಂಟಿಗೆ ಆ ಅಚ್ಚುಕಟ್ಟಿನಲ್ಲಿ ಜಮೀನು ಇರಬಾರದು. ಇದ್ದರೆ ಅವನ ಗುದ್ದಲಿ ಯಾವ ಕಡೆ ವಾಲುತ್ತದೆಂದು ಎಲ್ಲರಿಗೂ ಗೊತ್ತು. ಹಳೆಯ ನೀರುಗಂಟಿಗಳಿಗಿದ್ದ ಇನಾಮು (ಹುದ್ದೆಗೆ ಬದಲಾಗಿ ಜಮೀನು ಅನುಭವಿಸುವ ಹಕ್ಕು) 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೊಂದಿಗೆ ಹೋಯಿತು. ಅವರಲ್ಲಿ ಬಹಳಷ್ಟು ಮಂದಿ ದಲಿತರು, ಕಣದಲ್ಲಿ ಕೂಲಿಯ ಕಾಳಿಗಾಗಿ ಕಾಯಬೇಕಾದವರು. ಆ ಭಾಗವನ್ನು ಮತ್ತೆ ತರಬೇಡಿ. ಎಕರೆವಾರು ಹಣ ಮೊದಲೇ ಕೂಡಿಸಿ ತಿಂಗಳಿಗೆ ಸಂಬಳ ಕೊಡಿ.

ದಂಡವೂ ಬೇಕು, ಮೊದಲ ಸಲ ಸಣ್ಣದಿರಲಿ. ಎರಡನೆಯ ಸಲ ಇಮ್ಮಡಿ, ಮೂರನೆಯದಕ್ಕೆ ಒಂದು ಸರದಿ ಖೋತಾ. ಮೊದಲೇ ಐದು ಸಾವಿರ ಎಂದು ಬರೆದ ಊರಲ್ಲಿ ಯಾರೂ ಅದನ್ನು ವಸೂಲಿ ಮಾಡುವುದಿಲ್ಲ.

ಪ್ರಶ್ನೆ: ‘ಕೆರೆ ಎಲ್ಲರದೂ ಎಂದರೆ ಯಾರದೂ ಅಲ್ಲ, ಇಲಾಖೆಗೋ ಖಾಸಗಿಯವರಿಗೋ ಕೊಟ್ಟುಬಿಡಿ’ ಎನ್ನುವವರಿಗೆ ಏನು ಹೇಳುವುದು?
– ತಿಪಟೂರಿನ ಓದುಗರು

ಉತ್ತರ: ಈ ವಾದಕ್ಕೆ ಹೆಸರು ತಂದುಕೊಟ್ಟದ್ದು ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್‌ರ 1968ರ ಲೇಖನ. ಅವರು ಕಲ್ಪಿಸಿಕೊಂಡ ಹುಲ್ಲುಗಾವಲಿನಲ್ಲಿ ಯಾರು ಬೇಕಾದರೂ ಎಷ್ಟು ದನ ಬೇಕಾದರೂ ಬಿಡಬಹುದಿತ್ತು, ಕೇಳುವವರಿರಲಿಲ್ಲ. ಆ ಮಾತು ನಿರ್ವಹಣೆಯಿಲ್ಲದ ಸೊತ್ತಿಗೆ ಸಲ್ಲುತ್ತದೆಂದು ಹಾರ್ಡಿನ್ನರೇ ಆಮೇಲೆ ತಿದ್ದಿಕೊಂಡರು. ನಿಯಮ ಕಟ್ಟಿಕೊಂಡು ಬಾಳಿದ ಕಾಲುವೆ, ಕಾಡು, ಮೀನುಗಾರಿಕೆಗಳನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗೆಂದು ಇಲಾಖೆ ಬೇಡವೆಂದಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಏರಿ (ಕೆರೆಯ ಮಣ್ಣಿನ ಕಟ್ಟೆ) ಬಿರಿದರೆ ಎಂಜಿನಿಯರೇ ಬರಬೇಕು. ಆದರೆ ನಡುರಾತ್ರಿ ಕಾಲುವೆ ಒಡೆದು ನೀರು ತಿರುಗಿಸಿದವನು ಯಾರೆಂದು ಅವರಿಗೆ ಗೊತ್ತಾಗುವ ಬಗೆಯಿಲ್ಲ.

ಪ್ರಶ್ನೆ: ಹೂಳು ನಾವೇ ಎತ್ತಬೇಕೆಂದಿದ್ದೇವೆ. ಎಷ್ಟು ಟ್ರಾಲಿ ಆಗಬಹುದು? ಎಷ್ಟು ಆಳ ತೋಡಬಹುದು?
– ಚಳ್ಳಕೆರೆ ಕಡೆಯ ಓದುಗರು

ಉತ್ತರ: ಒಂದು ಎಕರೆಯನ್ನು ಒಂದು ಅಡಿ ಇಳಿಸಿದರೆ 1,233 ಘನಮೀಟರ್. ಅಗೆದ ಮಣ್ಣು ಕಾಲುಭಾಗ ಉಬ್ಬುತ್ತದೆ, ಆದ್ದರಿಂದ 3 ಘನಮೀಟರಿನ ಟ್ರಾಲಿಯಲ್ಲಿ 500ಕ್ಕೂ ಹೆಚ್ಚು ಲೋಡು. ಇಡೀ ಕೆರೆಯ ಹುಮ್ಮಸ್ಸು ಬೇಡ. ವರ್ಷಕ್ಕೆ ನಾಲ್ಕೈದು ಎಕರೆ ಗುರುತು ಹಾಕಿಕೊಳ್ಳಿ.

ಕಪ್ಪು ಜಿಗುಟು ಪದರ ಮುಗಿದು ಗರಸು (ಕಲ್ಲುಹರಳಿನ ಮಣ್ಣು) ಕಂಡ ಕೂಡಲೇ ಜೆಸಿಬಿ ನಿಲ್ಲಿಸಿ. ಅದನ್ನು ಕೆದಕಿದರೆ ನೀರು ಕೆಳಗಿಳಿದು ಹೋಗುತ್ತದೆ. ಬೋರ್‌ವೆಲ್‌ಗೆ ಲಾಭ, ಅಚ್ಚುಕಟ್ಟಿಗೆ ನಷ್ಟ. ಏರಿಯ ಒಳಬುಡದಿಂದ ಕನಿಷ್ಠ 10 ಮೀಟರ್ ಬಿಡಿ. ಬುಡ ಸಡಿಲವಾದರೆ ಏರಿ ಜಾರುತ್ತದೆ. ತೂಬಿನ ಮಟ್ಟಕ್ಕಿಂತ ಕೆಳಗೆ ಎಷ್ಟು ತೋಡಿದರೂ ಗದ್ದೆಗೆ ಒಂದು ಹನಿ ಹೆಚ್ಚು ಬರುವುದಿಲ್ಲ. ದನಕ್ಕೂ ಮೀನಿಗೂ ಅದು ಆಗುತ್ತದೆ, ಅಷ್ಟೇ.

ಕೆಂಪು ಮರಳುಮಣ್ಣಿನ ಹೊಲಕ್ಕೆ ಎಕರೆಗೆ 30–40 ಲೋಡು ಹಾಕಿದರೆ ಒಂದು ಅಂಗುಲ ಹರಡುತ್ತದೆ. ಎರೆ ಹೊಲಕ್ಕೆ ಬೇಡ. ಯಾರು ಎಷ್ಟು ಲೋಡು ಒಯ್ದರೆಂದು ಪುಸ್ತಕದಲ್ಲಿ ಬರೆಯಿರಿ; ಇಲ್ಲವಾದರೆ ಟ್ರ್ಯಾಕ್ಟರ್ ಇದ್ದವರೇ ಒಳ್ಳೆ ಮಣ್ಣನ್ನೆಲ್ಲ ಹೊತ್ತೊಯ್ದು ಇಟ್ಟಿಗೆ ಗೂಡಿಗೆ ಮಾರುತ್ತಾರೆ.

ಪ್ರಶ್ನೆ: ಮೀನು ಗುತ್ತಿಗೆದಾರರು ತೂಬು ಎತ್ತಲು ಬಿಡುತ್ತಿಲ್ಲ, ಹೆಚ್ಚಾದ ನೀರು ಹೊರಹೋಗುವ ಕೋಡಿಗೂ ಬಲೆ ಕಟ್ಟಿದ್ದಾರೆ. ಏನು ಮಾಡುವುದು?
– ಹಾನಗಲ್ ತಾಲ್ಲೂಕಿನ ಓದುಗರು

ಉತ್ತರ: ಕೋಡಿಯ ಬಲೆಯನ್ನು ಇಂದೇ ತೆಗೆಸಿ, ಅದು ಚರ್ಚೆಯ ವಿಷಯವಲ್ಲ. ಕಸಕಡ್ಡಿ ಸಿಕ್ಕಿಕೊಂಡು ನೀರು ಏರುತ್ತದೆ, ಮಣ್ಣಿನ ಏರಿಯ ಮೇಲೆ ಹರಿದರೆ ಅದು ಕೊಚ್ಚಿಹೋಗುತ್ತದೆ. ಮೀನು ಹೋಗದಂತೆ ಬೇಕಾದರೆ ಅಗಲ ಸಂದಿನ ಕಬ್ಬಿಣದ ಜಾಲರಿ ಹಾಕಲಿ, ಮಳೆ ಬಂದಾಗ ಕಸ ತೆಗೆಯಲು ಅಲ್ಲೊಬ್ಬ ಆಳನ್ನು ನಿಲ್ಲಿಸಲಿ. ತೂಬಿನ ಮಾತಿಗೆ ಗುತ್ತಿಗೆಯ ಕರಾರುಪತ್ರ ತರಿಸಿ ಓದಿ. ಮುಂದಿನ ಹರಾಜಿಗೆ ಮೊದಲು ಒಂದು ಷರತ್ತು ಸೇರಿಸಿ: ಕೆರೆಯ ಆಳದಲ್ಲಿ 4–5 ಅಡಿ ಉಳಿಯುವವರೆಗೆ ನೀರು ಬೆಳೆಗೆ, ಅದಕ್ಕಿಂತ ಕೆಳಗಿನದು ಮೀನಿಗೂ ದನಕ್ಕೂ. ಆ ಮಟ್ಟವನ್ನು ತೂಬಿನ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿ, ಗುತ್ತಿಗೆದಾರರ ಎದುರಿಗೇ.