ಮೈನಸ್ 15ರಲ್ಲಿ ನಾಯಿ ವಾಕಿಂಗ್: ಕಾಲು ಎತ್ತಿದರೆ ಮನೆಗೆ ವಾಪಸ್ ಬನ್ನಿ

ಪ್ರಶ್ನೆ: ಡಾಕ್ಟ್ರೇ, ಆಗಸ್ಟ್‌ನಲ್ಲಿ ನಾವು ಬೆಂಗಳೂರು ಬಿಟ್ಟು ಕೆನಡಾದ ಟೊರೊಂಟೊ ಪಕ್ಕದ ಮಿಸ್ಸಿಸಾಗಕ್ಕೆ ಬಂದೆವು. ಜೊತೆಗೆ ನಮ್ಮ 4 ವರ್ಷದ ಮುಧೋಳ ನಾಯಿ ಕರಿಯನೂ ಬಂದ. ಊರಲ್ಲಿ ಎರಡು ಹೊತ್ತೂ ಗಂಟೆಗಟ್ಟಲೆ ಓಡುತ್ತಿದ್ದವನು ಈಗ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮುಂಗಾಲು ಎತ್ತಿಕೊಂಡು ನಿಂತುಬಿಡುತ್ತಾನೆ. ಮನೆಗೆ ಬಂದ ಮೇಲೆ ಕಾಲು ನೆಕ್ಕಿದ್ದೇ ನೆಕ್ಕಿದ್ದು. ನಮ್ಮತ್ತೆ ಹೊರಡುವ ಮುಂಚೆ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ನಾಲ್ಕು ದಿನ ಎಳೆದುಕೊಂಡು ಹೋದರೆ ರೂಢಿಯಾಗುತ್ತದೆ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ?

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ಕರಿಯ ಹಟ ಮಾಡುತ್ತಿಲ್ಲ, ಅವನ ಕಾಲು ನೋಯುತ್ತಿದೆ. ಮುಧೋಳ ಅಂದರೆ ಬಯಲಲ್ಲಿ ಮೊಲದ ಹಿಂದೆ ಓಡಿ ಬೆಳೆದ ತಳಿ ಅಲ್ವಾ? ಮೈಮೇಲೆ ಕೊಬ್ಬಿಲ್ಲ, ಗಿಡ್ಡ ಕೂದಲು, ಕೆಳಗೆ ದಪ್ಪ ತುಪ್ಪಳವೂ ಇಲ್ಲ. ಪಕ್ಕದ ಮನೆಯ ಹಸ್ಕಿ ಹಿಮದಲ್ಲೇ ಮಲಗಿ ನಿದ್ದೆ ಹೊಡೆಯುತ್ತದೆ ಅಂತ ಅದರ ಜೊತೆ ಹೋಲಿಸಬೇಡಿ.

ಚಳಿಗಿಂತ ಜಾಸ್ತಿ ಕಾಟ ಕೊಡುವುದು ಐಸ್ ಕರಗಲಿ ಅಂತ ಫುಟ್‌ಪಾತ್ ಮೇಲೆ ಸುರಿಯುವ ಉಪ್ಪು. ಸಾದಾ ಉಪ್ಪು ಸುಮಾರು ಮೈನಸ್ 9ರವರೆಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿ ಇದ್ದಾಗ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ, ಅದು ನೀರಿಗೆ ಬಿದ್ದರೆ ಬಿಸಿಯಾಗುತ್ತದೆ. ಅದರ ಒಂದು ಹರಳು ನಾಯಿಯ ಬೆರಳ ಸಂದಿಯ ಒದ್ದೆ ಚರ್ಮದಲ್ಲಿ ಸಿಕ್ಕಿಕೊಂಡರೆ ಹೇಗಿರುತ್ತದೆ ಯೋಚಿಸಿ. ಉಪ್ಪು ಬೆರೆತ ಕೆಸರು ಸೊನ್ನೆಗಿಂತ ಕೆಳಗೂ ಗಟ್ಟಿಯಾಗದೆ ಪಾದಕ್ಕೆ ಮೆತ್ತಿಕೊಳ್ಳುತ್ತದೆ. ಮನೆಗೆ ಬಂದು ಅದನ್ನೇ ನೆಕ್ಕಿದರೆ ವಾಂತಿ, ಭೇದಿ.

ಹಾಗಾಗಿ ಬಾಗಿಲ ಬಳಿಯೇ ಒಂದು ಅಗಲದ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ಇಡಿ. ಬಂದ ತಕ್ಷಣ ಒಂದೊಂದೇ ಕಾಲು ಅದ್ದಿ, ಬೆರಳು ಬಿಡಿಸಿ ತೊಳೆದು, ಪೂರ್ತಿ ಒಣಗುವ ಹಾಗೆ ಒರೆಸಿ. ಹೊಟ್ಟೆಯ ಕೆಳಗೂ ಒರೆಸಿ, ಅಲ್ಲಿಗೂ ಕೆಸರು ಸಿಡಿದಿರುತ್ತದೆ. ಒರೆಸುವಾಗಲೇ ಪಾದದಲ್ಲಿ ಬಿರುಕು ಇದೆಯಾ ನೋಡಿ.

ನಿಮ್ಮತ್ತೆಯವರ ಕಾಳಜಿ ದೊಡ್ಡದು, ಹಚ್ಚುವ ಹೊತ್ತು ಮಾತ್ರ ಬದಲಾಗಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅಡುಗೆಮನೆಯ ಬಾಟಲಿಯಲ್ಲೇ ನೋಡಿರುತ್ತೀರಿ. ಹೊರಗಿನ ಹಿಮದಲ್ಲಿ ಅದು ನಿಲ್ಲುವುದಿಲ್ಲ. ರಾತ್ರಿ ಕಾಲು ತೊಳೆದ ಮೇಲೆ ತೆಳ್ಳಗೆ ಸವರಲಿ. ಹೊರಡುವ ಮುಂಚೆ ವ್ಯಾಸಲೀನ್ ಅಥವಾ ಜೇನುಮೇಣದ ಮುಲಾಮು ಸಾಕು.

ಎಲ್ಲಕ್ಕಿಂತ ಒಳ್ಳೆಯದು ಬೂಟು. ಒಮ್ಮೆಲೇ ನಾಲ್ಕೂ ತೊಡಿಸಿ ಹಿಮಕ್ಕೆ ಇಳಿಸಬೇಡಿ. ಊಟದ ಹೊತ್ತಿಗೆ ಮನೆಯೊಳಗೆ ಒಂದು ಕಾಲಿಗೆ ಹಾಕಿ, ಐದು ನಿಮಿಷ ಬಿಟ್ಟು ತೆಗೆಯಿರಿ, ಒಂದು ವಾರ ಹೀಗೇ ಕಲಿಸಿ. ಪಟ್ಟಿ ತುಂಬಾ ಬಿಗಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಕೋಟು ಎದೆ, ಹೊಟ್ಟೆ ಎರಡನ್ನೂ ಮುಚ್ಚಬೇಕು. ಒದ್ದೆಯಾದ ಕೋಟನ್ನು ಮತ್ತೆ ಹಾಕಬೇಡಿ.

ಎಷ್ಟು ಹೊತ್ತು ಅಂತ ಕೇಳುತ್ತೀರಿ. ಕರಿಯನಂಥ ಮೈಗೆ ನಾನು ಹೇಳುವ ಲೆಕ್ಕ ಇಷ್ಟೇ. ಮೈನಸ್ 5ರ ಸುಮಾರಿಗೆ ಕೋಟು, ಬೂಟು ಹಾಕಿ ಹದಿನೈದು ನಿಮಿಷ. ಮೈನಸ್ 12 ದಾಟಿದರೆ ಐದು ನಿಮಿಷದಲ್ಲಿ ಉಚ್ಚೆ, ಕಕ್ಕ ಮುಗಿಸಿ ಒಳಗೆ. ಗಾಳಿ ಬೀಸುತ್ತಿದ್ದರೆ ಗಾಳಿ ಸೇರಿಸಿದ ಚಳಿಯ ಅಂಕಿ ನೋಡಿ. ಆದರೆ ಅಂಕಿಗಿಂತ ಮೊದಲು ನಾಯಿಯನ್ನು ನೋಡಿ. ಕಾಲು ಎತ್ತಿದರೆ, ಬೆನ್ನು ಗೂನು ಮಾಡಿದರೆ, ನಡುಗಿದರೆ ಅಲ್ಲಿಂದಲೇ ತಿರುಗಿ. ಉಳಿದ ಶಕ್ತಿ ಮನೆಯಲ್ಲೇ ಖರ್ಚಾಗಲಿ. ಹಳೇ ಟವೆಲ್ ಸುರುಳಿ ಸುತ್ತಿ ಅದರೊಳಗೆ ಊಟ ಬಚ್ಚಿಟ್ಟರೆ ಅರ್ಧ ಗಂಟೆ ಮೂಗಿಗೆ ಕೆಲಸ.

ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟಿ ಸಾಯುವುದು, ನಮಗೆ ಬರೀ ಪುಸ್ತಕದ ಪಾಠ. ಇಲ್ಲಿನ ನನ್ನ ಮೊದಲ ಚಳಿಗಾಲದಲ್ಲೇ ಒಂದು ಗಿಡ್ಡ ಕೂದಲಿನ ನಾಯಿ ಬಂತು. ಕಿವಿಯ ತುದಿ ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ರಟ್ಟಿನ ಹಾಗಿತ್ತು. ಮನೆಯವರು ಬಿಸಿ ಮಾಡೋಣ ಅಂತ ಚೆನ್ನಾಗಿ ಉಜ್ಜಿದ್ದರು. ನಾಲ್ಕೈದು ದಿನಕ್ಕೆ ತುದಿ ಕಪ್ಪಾಯಿತು. ದಯವಿಟ್ಟು ಉಜ್ಜಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಆಸ್ಪತ್ರೆಗೆ ಬನ್ನಿ. ನಡುಗುತ್ತಿದ್ದ ನಾಯಿ ನಡುಗುವುದು ನಿಲ್ಲಿಸಿ ಮಂಕಾದರೆ ಸುಧಾರಿಸಿತು ಅಂದುಕೊಳ್ಳಬೇಡಿ, ಮೈಯ ಕಾವು ಇಳಿಯುತ್ತಿದೆ. ಕಂಬಳಿ ಸುತ್ತಿ ತಕ್ಷಣ ಹೊರಡಿ.

ಇನ್ನೊಂದು, ಪಾರ್ಕಿಂಗ್‌ನಲ್ಲಿ ಕಾರಿಂದ ಸೋರಿದ ಆಂಟಿಫ್ರೀಜ್, ಅಂದರೆ ಇಂಜಿನ್‌ನ ನೀರು ಹೆಪ್ಪುಗಟ್ಟದ ಹಾಗೆ ಹಾಕುವ ದ್ರವ. ರುಚಿ ಸಿಹಿ. ಸ್ವಲ್ಪ ನೆಕ್ಕಿದರೂ ಕಿಡ್ನಿ ಹಾಳಾಗುತ್ತದೆ. ನೆಕ್ಕಿದ ಅನುಮಾನ ಬಂದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ.

ಪ್ರಶ್ನೆ: ಕ್ಯಾಲ್ಗರಿಯಲ್ಲಿದ್ದೇವೆ. ಬಡಾವಣೆಯ ಕೊಳ ಹೆಪ್ಪುಗಟ್ಟಿದೆ. ನಮ್ಮ ಗೋಲ್ಡನ್ ರಿಟ್ರೀವರ್ ಅದರ ಮೇಲೆ ಓಡಬಹುದಾ?

ಉತ್ತರ: ಬೇಡ. ಬಡಾವಣೆಯ ಕೊಳಗಳು ಬಹುತೇಕ ಮಳೆನೀರು ಸೇರಲು ತೋಡಿದವು. ಐಸ್ ಕೆಳಗೆ ರಸ್ತೆಯ ಉಪ್ಪುನೀರು ಹರಿದು ಬರುತ್ತಿರುತ್ತದೆ, ನೀರಿನ ಮಟ್ಟ ಏರಿಳಿಯುತ್ತದೆ. ಮೇಲೆ ಗಟ್ಟಿ ಕಂಡರೂ ಒಂದು ಕಡೆ ಇದ್ದ ದಪ್ಪ ಇನ್ನೊಂದು ಕಡೆ ಇರುವುದಿಲ್ಲ. ನಿಮ್ಮೂರಿನ ಶಿನೂಕ್ ಗಾಳಿ ಬೀಸಿದರಂತೂ ಕೆಲವೇ ಗಂಟೆಗಳಲ್ಲಿ ಹವೆ ಬಿಸಿಯಾಗುತ್ತದೆ. ನೀರಿನ ಹತ್ತಿರ ಬೆಲ್ಟ್ ಬಿಚ್ಚಲೇಬೇಡಿ. ಅಕಸ್ಮಾತ್ ನಾಯಿ ನೀರಿಗೆ ಬಿದ್ದರೆ ನೀವು ಐಸ್ ಮೇಲೆ ಕಾಲಿಡಬೇಡಿ, ಅದನ್ನೇ ತಡೆಯದ ಐಸ್ ನಿಮ್ಮನ್ನು ತಡೆಯುವುದಿಲ್ಲ. ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ, ದಡದಲ್ಲಿ ನಿಂತು ಅದರ ಹೆಸರು ಕೂಗುತ್ತಾ ಇರಿ. ದನಿ ಕೇಳಿದರೆ ಅದು ನಿಮ್ಮ ಕಡೆಗೇ ಈಜಲು ನೋಡುತ್ತದೆ.