ಡೈರಿಯಲ್ಲಿದ್ದ 13 ಕೆಂಪು ಗುರುತು

ಕೌನ್ಸೆಲಿಂಗ್‌ಗೆ ನನ್ನ ಬಳಿ ಬಂದ ಮೊದಲ ದಿನ ಆ ಸೂಪರ್‌ವೈಸರ್ ಅಂಗಿ ಜೇಬಿನಿಂದ ಚಿಕ್ಕ ಡೈರಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮೂಲೆಗಳಲ್ಲಿ ಎಣ್ಣೆ ಕಲೆ. ಒಂದು ಪುಟದಲ್ಲಿ 18 ಹೆಸರು. 5 ಹೆಸರಿನ ಮುಂದೆ ನೀಲಿ ಪೆನ್ನಿನಲ್ಲಿ ‘ವೈ’, ಉಳಿದ 13ಕ್ಕೆ ಕೆಂಪಿನಲ್ಲಿ ‘ಎಕ್ಸ್’.

“ಇವ್ರೆಲ್ಲ ಎಕ್ಸ್ ಮಂದಿ ರೀ ಮೇಡಂ. ತಲಿ ಮ್ಯಾಲ ಕುಂತ್ರ ಅಷ್ಟ ಕೆಲ್ಸ ಮಾಡ್ತಾರ” ಎಂದರು.

ಬೆಳಗಾವಿ ಕಡೆಯವರು. ಪುಣೆಗೆ ಬಂದು 16 ವರ್ಷ. ಅಲ್ಲಿನ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ. 14 ವರ್ಷ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಆಪರೇಟರ್ ಆಗಿದ್ದರು, ಈಗ ಎರಡು ವರ್ಷದಿಂದ ಸೂಪರ್‌ವೈಸರ್. ಭಾನುವಾರದ ಕ್ಲಾಸಿಗೆ ಹೋಗಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿಕೊಂಡಿದ್ದರು. ಎಕ್ಸ್, ವೈ ಬಂದಿದ್ದು ಅಲ್ಲಿಂದ. (ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಇದೆ.)

ನನ್ನ ಬಳಿ ಕಳಿಸಿದ್ದು ಕಂಪನಿಯ ಎಚ್‌ಆರ್‌ನವರು. ಮೂರನೇ ಶಿಫ್ಟಿನಲ್ಲಿ ಒಬ್ಬ ಹುಡುಗನ ಮಷಿನ್‌ನಿಂದ ಕೆಟ್ಟ ಪೀಸು ಜಾಸ್ತಿ ಬರುತ್ತಿದ್ದವು. ಒಂದು ಬೆಳಿಗ್ಗೆ ಇವರು ಎಲ್ಲರ ಎದುರು ಪೀಸನ್ನು ಅವನ ಕಾಲ ಬಳಿ ಎಸೆದು ಬೈದಿದ್ದರು. ಹುಡುಗ ಮೂರು ದಿನ ಕೆಲಸಕ್ಕೆ ಬರಲಿಲ್ಲ. ಇವರಿಗೂ ಅವತ್ತಿನಿಂದ ನಿದ್ದೆ ಇಲ್ಲ.

ಮೊದಲ ಭೇಟಿಯಲ್ಲಿ ನಾನು ಅವರ ಸಿಟ್ಟಿನ ಬಗ್ಗೆಯೇ ಕೇಳುತ್ತಾ ಹೋದೆ. ಮನೆ ಹೇಗೆ, ಅಪ್ಪ ಹೇಗಿದ್ದರು, ಸಿಟ್ಟು ಯಾವಾಗಿನಿಂದ. ರಾತ್ರಿ ಟಿಪ್ಪಣಿ ಬರೆಯುವಾಗ ನನ್ನ ತಪ್ಪು ಗೊತ್ತಾಯಿತು. ಅವರು ಹುಡುಗನನ್ನು ಸೋಮಾರಿ ಅಂದಿದ್ದರು, ನಾನು ಅವರನ್ನು ಸಿಟ್ಟಿನ ಮನುಷ್ಯ ಅಂದುಕೊಂಡಿದ್ದೆ. ಇಬ್ಬರೂ ಮನುಷ್ಯನ ಗುಣ ನೋಡಿದೆವು, ಅವನು ನಿಂತ ಜಾಗ ನೋಡಲಿಲ್ಲ. 1977ರಲ್ಲಿ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ ಈ ತಪ್ಪಿಗೊಂದು ಹೆಸರೇ ಕೊಟ್ಟಿದ್ದಾರೆ. ಬೇರೆಯವರು ತಪ್ಪು ಮಾಡಿದರೆ ಅವರ ಸ್ವಭಾವವೇ ಹಾಗೆ ಅಂತೀವಿ, ಪರಿಸ್ಥಿತಿಯನ್ನು ಲೆಕ್ಕಕ್ಕೇ ಹಿಡಿಯಲ್ಲ. ಓದಿ ಪಾಸಾದವರೂ ದಿನಾ ಮಾಡುತ್ತೇವೆ.

ಎರಡನೇ ಸಲ ಬಂದಾಗ ಡೈರಿ ತೆಗೆಯಲು ಹೇಳಿದೆ. “ಎಕ್ಸ್, ವೈ ಅಂತ ಬರೆದವರು ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಡಗ್ಲಸ್ ಮೆಕ್‌ಗ್ರೆಗರ್, 1960ರಲ್ಲಿ. ಆದರೆ ಅವು ಕೆಲಸಗಾರರ ಜಾತಿಗಳಲ್ಲ. ಕೆಲಸಗಾರರ ಬಗ್ಗೆ ಮೇಲಿನವರ ತಲೆಯಲ್ಲಿರುವ ಎರಡು ನಂಬಿಕೆ. ಜನಕ್ಕೆ ದುಡಿಯೋದೇ ಇಷ್ಟವಿಲ್ಲ, ಹೆದರಿಸಿಯೇ ಮಾಡಿಸಬೇಕು ಅನ್ನೋದು ಎಕ್ಸ್. ಸರಿಯಾದ ಅನುಕೂಲ ಕೊಟ್ಟರೆ ಜನ ತಾವಾಗಿಯೇ ಹೊಣೆ ಹೊರುತ್ತಾರೆ ಅನ್ನೋದು ವೈ. ಎಕ್ಸ್ ಅಂತ ನಂಬಿ ಬಿಗಿ ಮಾಡ್ತಾ ಹೋದರೆ, ಜನ ಹಾಗೇ ಆಗ್ತಾರೆ ಅಂತಲೂ ಅವರು ಎಚ್ಚರಿಸಿದ್ದರು.”

ಅವರು ಬಹಳ ಹೊತ್ತು ಆ ಪುಟ ನೋಡಿದರು. “ಅಂದ್ರ ಈ ಕೆಂಪು ಮಾರ್ಕು ನನ್ನ ತಲ್ಯಾಗಿಂದ ಏನ್ರಿ?” ಎಂದರು. ನಾನು ಹೌದು ಅನ್ನಲಿಲ್ಲ. ಪರೀಕ್ಷೆ ಮಾಡಿ ನೋಡೋಣ ಎಂದೆ.

ಎರಡು ವಾರಕ್ಕೆ ಒಂದೇ ಕೆಲಸ ಕೊಟ್ಟೆ. ಡೈರಿಯಲ್ಲಿ ಕಣ್ಣಿಗೆ ಕಂಡಿದ್ದು ಮಾತ್ರ ಬರೆಯಬೇಕು: ಎಷ್ಟು ಗಂಟೆ, ಯಾವ ಮಷಿನ್, ಎಷ್ಟು ಪೀಸು ಕೆಟ್ಟವು. ಸೋಮಾರಿ, ಬೇಜವಾಬ್ದಾರಿ ಇಂಥ ಮಾತು ಬೇಡ. ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ನಿಂತು ಒಂದು ಪ್ರಶ್ನೆ ಕೇಳಬೇಕು. “ಯಾಕೆ ಮಾಡಲಿಲ್ಲ?” ಅಂತ ಅಲ್ಲ, “ರಾತ್ರಿ ಏನು ಸಿಗಲಿಲ್ಲ?” ಅಂತ. ‘ಯಾಕೆ’ ಅಂದ ಕೂಡಲೇ ಎದುರಿನವರು ನೆಪ ಹುಡುಕುತ್ತಾರೆ. ‘ಏನು’ ಅಂದರೆ ವಿಷಯ ಹೇಳುತ್ತಾರೆ. ಮತ್ತೆ, ಎಲ್ಲರ ಎದುರು ಬೈದಿದ್ದಕ್ಕೆ ಎಲ್ಲರ ಎದುರೇ ತಪ್ಪಾಯಿತು ಅನ್ನಬೇಕು. ಇದಕ್ಕೆ ಮಾತ್ರ ಅವರು ಒಂದು ವಾರ ತೆಗೆದುಕೊಂಡರು.

ಹುಡುಗನ ಉತ್ತರ ಸರಳವಾಗಿತ್ತು. ರಾತ್ರಿ ಟೂಲ್ ರೂಮಿಗೆ ಬೀಗ, ಕೀಲಿ ಹಗಲಿನ ಜನರಲ್ ಶಿಫ್ಟಿನವರ ಹತ್ತಿರ. ಬೋರಿಂಗ್ ಇನ್ಸರ್ಟ್ (ತೂತಿನ ಒಳಭಾಗ ಕೊರೆಯುವ ಚಿಕ್ಕ ಬ್ಲೇಡು) ಸವೆದರೆ ಬೋರ್, ಅಂದರೆ ಪೀಸಿನ ತೂತು, ಸಣ್ಣದಾಗುತ್ತಾ ಬರುತ್ತದೆ. ಮಷಿನ್‌ಗೆ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಟ್ಟು ಸ್ವಲ್ಪ ಹೊತ್ತು ಸೈಜು ಕಾಯಬಹುದು, ಅದು ಬೆಳಗಿನತನಕ ನಡೆಯಲ್ಲ. ಹೊಸ ಇನ್ಸರ್ಟ್ ಇಲ್ಲದೆ, ಟಾರ್ಗೆಟ್ ಬಿಡುವಂತಿಲ್ಲದೆ ಅವನು ಓಡಿಸುತ್ತಿದ್ದ. ಡೈರಿ ಪ್ರಕಾರ ಕೆಟ್ಟ ಪೀಸು ಹೆಚ್ಚಾಗಿ ಬೆಳಗಿನ ಮೂರರ ನಂತರದವು. 14 ವರ್ಷ ಅದೇ ಮಷಿನ್ ಓಡಿಸಿದವರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು.

ಹಾಗಾದರೆ ಇವರ ನಿದ್ದೆ? ಒಂದು ಹಾಳೆಯ ನಡುವೆ ಗೆರೆ ಎಳೆದು ಕೊಟ್ಟೆ. ಎಡಕ್ಕೆ, ನಿಮ್ಮನ್ನು ಯಾವುದಕ್ಕೆ ಕೇಳುತ್ತಾರೆ. ಬಲಕ್ಕೆ, ನಿಮ್ಮ ಕೈಯಲ್ಲಿ ಏನಿದೆ. ಎಡಗಡೆ ಬೇಗ ತುಂಬಿತು: ಟಾರ್ಗೆಟ್, ರಿಜೆಕ್ಷನ್, ಹಾಜರಿ, ಸ್ವಚ್ಛತೆ. ಬಲಗಡೆ ಕೊನೆಗೆ ಬರೆದಿದ್ದು ‘ಯಾರು ಯಾವ ಮಷಿನ್’, ಅಷ್ಟೇ. ರಜೆ, ಓಟಿ (ಓವರ್‌ಟೈಮ್), ಕೀಲಿ, ಯಾವುದೂ ಅವರದಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ ತೋರಿಸಿದ್ದು ಇದನ್ನೇ. ಕೆಲಸದ ಬೇಡಿಕೆ ಜಾಸ್ತಿ ಇದ್ದು, ತೀರ್ಮಾನ ಮಾಡುವ ಅಧಿಕಾರ ಕಡಿಮೆ ಇದ್ದರೆ ಮನಸ್ಸು ದಣಿಯುತ್ತದೆ. ಹುಡುಗ ಮತ್ತು ಇವರು ಒಂದೇ ಇಕ್ಕಟ್ಟಿನಲ್ಲಿದ್ದರು.

ಮ್ಯಾನೇಜರ್ ಹತ್ತಿರ ಎಲ್ಲ ಕೇಳಬೇಡಿ, ಒಂದೇ ಕೇಳಿ, ಡೈರಿಯ ಲೆಕ್ಕ ಮುಂದಿಟ್ಟು ಕೇಳಿ ಎಂದೆ. ಕೀಲಿ ಕೇಳಿದರು. ಮೂರು ವಾರ ಬೇಕಾಯಿತು, ಸಿಕ್ಕಿತು. ಓಟಿ ವಿಷಯ ಹಾಗೇ ಇದೆ. ನಿದ್ದೆಯ ಜೊತೆ ಬಿಪಿಯನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ ಎಂದಿದ್ದೆ, ತೋರಿಸಿದ್ದಾರೆ.

ಆ 13 ಜನರಲ್ಲಿ ಒಬ್ಬ ನಿಜಕ್ಕೂ ಮಷಿನ್ ಬಿಟ್ಟು ಮಲಗುತ್ತಿದ್ದ. ಎಚ್ಚರಿಸಿದರೂ ಬಿಡಲಿಲ್ಲ. ಅವನಿಗೆ ಲಿಖಿತ ನೋಟಿಸ್ ಕೊಡಿ, ಬೈಗುಳ ಬೇಡ ಎಂದೆ. ಎಲ್ಲ ತಪ್ಪನ್ನೂ ಪರಿಸ್ಥಿತಿಯ ಮೇಲೆ ಹಾಕುವುದೂ ಸರಿಯಲ್ಲ, ಅಲ್ವಾ?

ಐದನೇ ಭೇಟಿಗೆ ಅದೇ ಡೈರಿ ತಂದಿದ್ದರು. ಮೂರು ಹೆಸರಿನ ಮುಂದೆ ಮಾತ್ರ ಕೆಂಪು ಉಳಿದಿತ್ತು. “ಈ ಮೂವರ್ನ ಇನ್ನಾ ಕೇಳಿಲ್ರಿ ಮೇಡಂ” ಎಂದರು. ಹದಿನೈದು ದಿನ ಬಿಟ್ಟು ಬರುತ್ತಾರೆ.