ಹಳೆಯ ಗಾಯನಕ್ಕೆ ಯಾವ ಹೆಡ್‌ಫೋನ್?

ಪ್ರಶ್ನೆ: ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಿಂದೂಸ್ತಾನಿ ಗಾಯನ ಕೇಳುವುದು ನನ್ನ ರೂಢಿ. ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಣಗಳು. ನಿವೃತ್ತಿಯ ಹಣದಲ್ಲಿ ಒಂದು ಉತ್ತಮ ಹೆಡ್‌ಫೋನ್ ಕೊಳ್ಳಬೇಕೆಂದಿದ್ದೇನೆ. ಸೆನ್‌ಹೈಸರ್ ಎಚ್‌ಡಿ 800 ಎಸ್ ಮೇಲೋ, ಆಡೀಜಿ ಎಲ್‌ಸಿಡಿ-ಎಕ್ಸ್ ಮೇಲೋ?
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಕೇಳುವ ಗಾಯಕರ ಹೆಸರು ನೋಡಿದ ಮೇಲೆ ಎರಡೂ ಬೇಡ ಎನ್ನುತ್ತೇನೆ. ಇವುಗಳಿಗಿಂತ ಬಹಳ ಅಗ್ಗವಾದ ಸೆನ್‌ಹೈಸರ್ ಎಚ್‌ಡಿ 600 ಕೊಳ್ಳಿ.

ಎಚ್‌ಡಿ 800 ಎಸ್ ಅಸಾಧಾರಣ ಸಾಧನ, ಅದರಲ್ಲಿ ಅನುಮಾನವಿಲ್ಲ. ಸದ್ದು ಹೊರಡಿಸುವ ಭಾಗವಾದ, 56 ಮಿಲಿಮೀಟರ್ ಅಗಲದ ಅದರ ಡ್ರೈವರ್ ಕಿವಿಯಿಂದ ತುಸು ದೂರದಲ್ಲಿ ಓರೆಯಾಗಿ ಕೂತಿರುತ್ತದೆ. ಒಳ್ಳೆಯ ಸ್ಟೀರಿಯೊ ಮುದ್ರಣವಾದರೆ ತಂಬೂರಿ ಎಲ್ಲಿದೆ, ತಬಲಾ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಆದರೆ ನಿಮ್ಮ ಹಳೆಯ ಮುದ್ರಣಗಳಲ್ಲಿ ಬಹುಪಾಲು ಮೋನೊ ಆಗಿರುತ್ತವೆ. ಎಡ-ಬಲಗಳೇ ಇಲ್ಲದ ಕಡೆ ಆ ವಿಸ್ತಾರಕ್ಕೆ ಕೆಲಸವೇನು? 2009ರ ಮೂಲ ಎಚ್‌ಡಿ 800ರಲ್ಲಿ 6,000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸದ್ದು ಎದ್ದು ಕೇಳುತ್ತಿತ್ತು. ಎಸ್ ಮಾದರಿಯಲ್ಲಿ ಅದನ್ನು ತಗ್ಗಿಸಿದ್ದಾರೆ. ಆದರೂ ಹರಿತ ಉಳಿದಿದೆ. ಟೇಪಿನ ಸುಯ್ಯೆನ್ನುವ ಸದ್ದು, ಗ್ರಾಮಫೋನ್ ತಟ್ಟೆಯ ಕರಕರ ಎಲ್ಲವೂ ಹಾಡುಗಾರರಿಗಿಂತ ಮುಂದೆ ಬಂದು ನಿಲ್ಲುತ್ತವೆ.

ಎಲ್‌ಸಿಡಿ-ಎಕ್ಸ್ ಪ್ಲೇನಾರ್ ಮ್ಯಾಗ್ನೆಟಿಕ್ ಬಗೆಯದು. ಅಯಸ್ಕಾಂತಗಳ ಎದುರು ತೆಳುವಾದ ಹಾಳೆಯೊಂದು ಇಡಿಯಾಗಿ ಕಂಪಿಸುತ್ತದೆ. ತಬಲಾ ಜೋಡಿಯ ದೊಡ್ಡ ವಾದ್ಯ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ನಾದವನ್ನು ಅದರಲ್ಲಿ ಕೇಳುವುದೇ ಒಂದು ಸುಖ. ತೂಕ ಮಾತ್ರ 600 ಗ್ರಾಂ ದಾಟುತ್ತದೆ. ನಿಧಾನಗತಿಯ ವಿಲಂಬಿತ ಖ್ಯಾಲ್ ಮುಗಿಯುವಷ್ಟರಲ್ಲಿ ಕತ್ತು ನೋಯುತ್ತದೆ. ಕಂಠದ ಅಂಚು ಕೂಡ ಸ್ವಲ್ಪ ಹಿಂದೆ ಸರಿದಂತೆ ಕೇಳಿಸುತ್ತದೆ. ಗಂಗೂಬಾಯಿಯವರ ಆ ಗಡಸು, ತುಂಬು ದನಿಗೆ ಇದು ನ್ಯಾಯವಲ್ಲ.

1997ರಲ್ಲಿ ಬಂದ ಎಚ್‌ಡಿ 600 ಇಂದಿಗೂ ಬೇಡಿಕೆ ಉಳಿಸಿಕೊಂಡಿರುವುದು ಮನುಷ್ಯರ ಕಂಠವನ್ನು ಕಂಠವಾಗಿಯೇ ಕೇಳಿಸುವುದರಿಂದ. ಮನ್ಸೂರರು ವೇಗದ ಸ್ವರಗಳ ಓಟವಾದ ತಾನ್‌ಗಳನ್ನು ಒಂದರ ಮೇಲೊಂದು ಹೆಣೆಯುತ್ತ ಹೋಗುವಾಗ ನಡುವೆ ಕದ್ದು ತೆಗೆದುಕೊಳ್ಳುವ ಉಸಿರೂ ಕಿವಿಗೆ ಬೀಳುತ್ತದೆ. ತೂಕ ಸುಮಾರು 260 ಗ್ರಾಂ. ಕಿವಿಮೆತ್ತೆ, ತಂತಿ ಹಾಳಾದರೆ ಅವನ್ನಷ್ಟೇ ಬದಲಿಸಬಹುದು. ಮುದ್ರಣದ ಸದ್ದು ತೀರಾ ಕಿರಿಕಿರಿಯಾದರೆ ಇದರ ತಮ್ಮ ಎಚ್‌ಡಿ 650 ಕೇಳಿ ನೋಡಿ, ಅದು ಇನ್ನೂ ಮೃದು.

ಎಚ್‌ಡಿ 600, 650 ಎರಡರ ವಿದ್ಯುತ್ ತಡೆಯೂ 300 ಓಮ್. ಮೊಬೈಲಿಗೆ ನೇರವಾಗಿ ಚುಚ್ಚಿದರೆ ದನಿ ಸಾಲದು. ಉಳಿದ ಹಣದಲ್ಲಿ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ತೆಗೆದುಕೊಳ್ಳಿ. ಅಂಗಡಿಗೆ ನಿಮ್ಮದೇ ಮುದ್ರಣ ಒಯ್ಯಿರಿ. ಹೋಲಿಸುವಾಗ ಎಲ್ಲದರ ದನಿ ಒಂದೇ ಮಟ್ಟದಲ್ಲಿರಲಿ, ಜೋರಾಗಿರುವುದೇ ಚೆಂದವೆಂದು ಕಿವಿ ಮೋಸಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಇಲ್ಲಿ ಹೆಸರಿಸಿದ ಎಲ್ಲವೂ ಹೊರಬದಿ ತೆರೆದಿರುವ ಹೆಡ್‌ಫೋನ್‌ಗಳು, ಪಕ್ಕದಲ್ಲಿದ್ದವರಿಗೂ ಹಾಡು ಕೇಳಿಸುತ್ತದೆ. ನೀವು ಕೇಳುವ ಕೋಣೆಯಲ್ಲೇ ಯಾರಾದರೂ ಮಲಗುವುದಾದರೆ ಮುಚ್ಚಿದ ಬಗೆಯದೇ ಬೇಕು. ಹಾಗಿದ್ದರೆ ಮತ್ತೊಮ್ಮೆ ಬರೆಯಿರಿ, ಅವುಗಳ ಬಗ್ಗೆಯೇ ಉತ್ತರಿಸುತ್ತೇನೆ.